ಮಾವನ ಕೆಂಪು ಹೆಬ್ಬೆರಳು

ನನ್ನ ಸೋದರಮಾವನ ಬಲಗೈ ಹೆಬ್ಬೆರಳು ಉಗುರಿನ ಸಂದಿಯವರೆಗೂ ಕೆಂಪಗಿರುತ್ತಿತ್ತು. ಬಾಗೂರಿನ ಕುರಿಹಟ್ಟಿಯಲ್ಲಿ ಯಾವ ಕುರಿಗೆ ಔಷಧಿ ನಡೆಯುತ್ತಿದೆಯೋ ಅದರ ಹಣೆಗೆ ಮಾವ ಕೆಮ್ಮಣ್ಣು ಒತ್ತುತ್ತಿದ್ದ. ಗುರುತಿದ್ದ ಕುರಿಯನ್ನು ಗುಡ್ಡಕ್ಕೆ ಹೊಡೆಯುವಂತಿಲ್ಲ, ಹಟ್ಟಿಯ ಹತ್ತಿರವೇ ಮೇಯಿಸಬೇಕು. ಕಟುಕರು ಎಷ್ಟೇ ಗೋಗರೆದರೂ ಅದನ್ನು ಮಾರುತ್ತಲೂ ಇರಲಿಲ್ಲ.

ನಾನು ಏಳು ವರ್ಷದವಳಿದ್ದಾಗ, ಕುಂಟುತ್ತಿದ್ದ ನನ್ನ ಮುದ್ದಿನ ಮರಿಯ ಹಣೆಯ ಗುರುತನ್ನು ಲಂಗದ ಅಂಚಿನಿಂದ ಒರೆಸಿಬಿಟ್ಟೆ. ಅದೂ ತನ್ನ ತಾಯಿಯ ಜೊತೆ ಗುಡ್ಡಕ್ಕೆ ಹೋಗಲಿ ಎಂಬ ಕನಿಕರ. ಗುರುತಿಲ್ಲದ್ದನ್ನು ಕಂಡು ಅಜ್ಜ ಅದನ್ನೂ ಗುಡ್ಡಕ್ಕೆ ಹೊಡೆದ. ಸಂಜೆ ನೋಡಿದರೆ ಬಂಡೆ ಸಂದಿಗೆ ಬಿದ್ದು ಸತ್ತಿತ್ತು. ಮಾವ ಹೊಡೆಯಲಿಲ್ಲ, ಬಯ್ಯಲಿಲ್ಲ. "ಕುಂಟಾಗಿದ್ದಕ್ಕೆ ಸಾಯ್ಲಿಲ್ಲ ಕಣವ್ವ ಅದು. ಒರೆಸಿದ್ದಕ್ಕೆ ಸತ್ತೋತು" ಎಂದ, ಅಷ್ಟೆ.

ಮುಂದೆ ನಾನು ಪೈಲಟ್ ಆದೆ. ಐದು ವರ್ಷ ಹಾರಿದ ಮೇಲೆ ಖಿನ್ನತೆ ಹಿಡಿಯಿತು. ಶೂ ಲೇಸ್ ಕಟ್ಟಿಕೊಳ್ಳಲೂ ಆಗದೆ ಅಳುತ್ತ ಕೂರುತ್ತಿದ್ದೆ. ವೈದ್ಯರು ಮಾತ್ರೆ ಬರೆದರು. ವೈದ್ಯಕೀಯ ತಪಾಸಣೆಯ ಅರ್ಜಿಯಲ್ಲಿ ಒಂದು ಪ್ರಶ್ನೆಯಿತ್ತು: ಮನಸ್ಸಿನ ಕಾಯಿಲೆಗೆ ಎಂದಾದರೂ ಚಿಕಿತ್ಸೆ ಪಡೆದಿದ್ದೀರಾ? ಹೌದು ಎಂದರೆ ಅಂದಿನಿಂದಲೇ ಹಾರಾಟ ಬಂದ್. ಗುಣವಾಗಿ, ವೈದ್ಯರ ಮಂಡಳಿ ಒಪ್ಪಿದರೆ ವಾಪಸ್. ಒಪ್ಪದಿದ್ದರೆ ಅಲ್ಲಿಗೆ ಮುಗಿಯಿತು. "ಇಲ್ಲ ಅಂತ ಬರೆದು ಗುಟ್ಟಾಗಿ ಮಾತ್ರೆ ತಗೋ" ಎಂದರು ಜೊತೆಯವರು. ಅವ್ವನೂ ಅದನ್ನೇ ಹೇಳಿದಳು.

ಊರಿಗೆ ಹೋಗಿ ಕೇಳಿದಾಗ ಮಾವ ಮಾತ್ರ ಕಂಬಳಿ ಕೊಡವಿ ಹಾಸಿದ. "ಕುಂತ್ಕ. ನಿನ್ನ ಹಿಂದೆ ಅಷ್ಟು ಜನ ಕುಂತಿರ್ತಾರಲ್ಲ? ಹೌದು ಅಂತ ಬರಿ."

"ಕೆಲಸ ಹೋದ್ರೆ?" ಎಂದೆ.

"ಹೋಗಾಕೆ ಯಾಕೆ ಬಿಡ್ತೀಯ? ಜಗಳ ಆಡಾಣ."

ಬರೆದೆ. ಮಂಡಳಿಯ ಮುಂದೆ ಹೋಗುವ ದಿನ ಮಾವನೂ ಹೆಗಲಿಗೆ ಕಂಬಳಿ ಹಾಕಿಕೊಂಡು ಜೊತೆಗೆ ಬಂದ. ಹೊರಗೆ ಕಾಯುತ್ತಿದ್ದಾಗ ಗುಮಾಸ್ತನೊಬ್ಬ ನನ್ನ ಕಡತ ತಿರುವಿ, "ಇಂಥವರಿಗೆಲ್ಲ ವಿಮಾನ ಯಾಕೆ ಬೇಕೋ" ಎಂದು ಗೊಣಗಿದ. ಮಾವ ಎದ್ದು ನಿಂತ.

"ಸ್ವಾಮಿ, ಹೇಳ್ಕಂಡೋಳನ್ನ ಮನೇಗೆ ಕಳಿಸಿದ್ರೆ ಉಳಿಯೋರು ಯಾರು? ಮುಚ್ಚಿಟ್ಕಂಡೋರು. ಆಮೇಲೆ ನೀವೇ ಅವರ ಹಿಂದೆ ಕುಂತ್ಕಂಡು ಹೋಗ್ರಿ."

ಗುಮಾಸ್ತ ಕಡತ ಮುಚ್ಚಿದ. ಜನ ತಿರುಗಿ ನೋಡುತ್ತಿದ್ದರು. ನನಗೆ ನಾಚಿಕೆಯಾಗಲಿಲ್ಲ, ಹೆಮ್ಮೆಯಾಯಿತು.

ನಿಯಮವೇ ಬೇಡ ಎನ್ನುವವಳಲ್ಲ ನಾನು. ಹುಷಾರಿಲ್ಲದವಳನ್ನು ಕೆಳಗಿಳಿಸಿ, ಒಪ್ಪುತ್ತೇನೆ. ಆದರೆ ಮತ್ತೆ ಹತ್ತುವ ದಾರಿಯನ್ನೂ ಅದೇ ದಿನ ತೋರಿಸಿ. ಗುರುತು ಇಟ್ಟ ಮೇಲೆ ಕಟುಕರಿಗೇ ಮಾರುವುದಾದರೆ ಹಣೆ ಒಡ್ಡುವವರು ಯಾರು?

ಮಂಡಳಿಯವರು ಹದಿನಾರು ತಿಂಗಳು ಕಾಯಿಸಿ ಒಪ್ಪಿದರು. ಆ ನಡುವೆ ಮಾವ ಎದೆನೋವಿನಿಂದ ಹೋಗಿಬಿಟ್ಟ. ಮೈ ತೊಳೆಯುವಾಗ ಯಾರೋ ಆ ಹೆಬ್ಬೆರಳನ್ನು ಹಿಡಿದು ಉಜ್ಜತೊಡಗಿದರು. ಗಂಡಸರ ನಡುವೆ ನುಗ್ಗಿ ಅವರ ಕೈ ಹಿಡಿದೆ.

"ಒರೆಸಬ್ಯಾಡ್ರಿ" ಎಂದೆ.

ಈಗ ಮತ್ತೆ ಹಾರುತ್ತಿದ್ದೇನೆ. ಪ್ರತಿ ತಪಾಸಣೆಗೂ ಅದೇ ಅರ್ಜಿ, ಅದೇ ಪ್ರಶ್ನೆ. ಹೌದು ಎಂದು ದಪ್ಪಕ್ಷರದಲ್ಲಿ ಬರೆಯುತ್ತೇನೆ.