ಮಗಳಲ್ಲಿ ನಾನು ಹುಡುಕಿದ ಸುಳಿ

ಮೊದಲು ಕೈಕೊಟ್ಟದ್ದು ನನ್ನ ಕೈಯೇ.

ಶಹಾಪುರದ ದನದ ಸಂತೆಯಲ್ಲಿ ನಾವು ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಟವೆಲ್ಲಿನ ಕೆಳಗೆ ಇಬ್ಬರ ಕೈಗಳು ಸೇರುತ್ತವೆ, ಬೆರಳು ಹಿಡಿದು ಏರಿಸುತ್ತೇವೆ, ಇಳಿಸುತ್ತೇವೆ. ಮಂದಿಯ ದನ ಮೇಯಿಸಿ ಬೆಳೆದ ನಾನು ದಲಾಲಿಯಾದದ್ದು ಈ ಬೆರಳುಗಳಿಂದಲೇ. ಎದುರಿನವನಿಗೆ ಎಷ್ಟು ಅವಸರವಿದೆ ಎಂಬುದು ನನ್ನ ಅಂಗೈಗೆ ತಿಳಿಯುತ್ತಿತ್ತು. ಆ ದಿನ ಏನೂ ತಿಳಿಯಲಿಲ್ಲ. ಕೈಯೊಳಗೆ ಕೈ ಇತ್ತು, ಅಷ್ಟೇ. ಲಾಭವೂ ಬೇಡ, ನಷ್ಟವೂ ಬೇಡ ಅನ್ನಿಸಿತು. ಬಿಟ್ಟುಬಿಟ್ಟೆ.

ಜೊತೆಗಾರ ದಲಾಲಿ ಖಾಸಿಂ ನಕ್ಕ. "ಏನ್ ಶರಣಪ್ಪಣ್ಣಾ, ಹಿಡಿದ ಬೆರಳು ಬಿಟ್ಟೀ? ಮನ್ಯಾಗ ವೈನಿ ಬೈದು ಕಳಿಸ್ಯಾಳೇನು?"

ನನಗೆ ನಗು ಬರಲಿಲ್ಲ. ಸಿಟ್ಟೂ ಬರಲಿಲ್ಲ.

ಆಮೇಲೆ ನಿದ್ದೆ ಕೆಟ್ಟಿತು. ರೊಟ್ಟಿ ಮಣ್ಣಿನಂತಾಯಿತು. ಒಂದು ಸಂತೆಯಲ್ಲಿ ಹಗ್ಗದ ಗಂಟು ಬಿಚ್ಚಲು ಬಾರದೆ, ಅಷ್ಟು ಜನರೆದುರು ಅತ್ತೆ. ಖಾಸಿಂ ಆಗ ನಗಲಿಲ್ಲ. "ನಡಿ, ಯಾದಗಿರಿಗಿ ಹೋಗಮು. ಎತ್ತಿಗಾದ್ರ ಡಾಕ್ಟರ್ ಬೇಕು, ನಿನಗ ಬ್ಯಾಡೇನು?" ಎಂದು ನನ್ನನ್ನೂ ಹೆಂಡತಿಯನ್ನೂ ಬಸ್ಸು ಹತ್ತಿಸಿದ.

ಆಸ್ಪತ್ರೆಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಎಲ್ಲ ಕೇಳಿ, "ಇದು ಡಿಪ್ರೆಶನ್ ರಿ," ಅಂದರು. "ಮನೆತನದಾಗ ಯಾರಿಗರ ಇತ್ತೇನು?"

ಇಲ್ಲ ಅನ್ನಲು ಬಾಯಿ ತೆರೆದೆ. ಮಾಲಿನ ಐಬು ತಾನಾಗಿ ಹೇಳುವ ದಲಾಲಿ ಯಾರಿದ್ದಾನೆ? ಹೆಂಡತಿ ಹೇಳಿಬಿಟ್ಟಳು. "ಇವರ ಅಪ್ಪಗ ಇತ್ರಿ. ಬಿತ್ತೂ ದಿನದಾಗೂ ಗೋಡಿಗಿ ಮಾರಿ ಮಾಡಿ ಮಲಗತಿದ್ನಂತ. ಸುರಪುರಕ್ಕ ಕೊಟ್ಟ ಇವರ ಅಕ್ಕನೂ ಹಂಗೇ. ಊರಾಗ ಗಾಳಿ ಬಡದದ ಅಂತಿದ್ರು."

ಅಪ್ಪ, ಅಕ್ಕ, ನಾನು.

ನನ್ನ ರೋಗ ಮರೆತೇಹೋಯಿತು. ಕಣ್ಣೆದುರು ಬಂದವಳು ಮಗಳು ಭಾಗ್ಯ, ಪಿಯುಸಿ ಓದುತ್ತಿದ್ದವಳು.

ಮಾತ್ರೆ ಕೊಟ್ಟರು. ಹೇಳಿದ ಬೆಲೆಗೆ ಒಪ್ಪಿ ಅಭ್ಯಾಸವಿಲ್ಲದ ನಾನು ಒಂದು ಅಂದರೆ ಅರ್ಧ ನುಂಗಿದೆ. ಮತ್ತೆ ಹಾಸಿಗೆ ಹಿಡಿದೆ. ಓದುವವರಿಗೆ ಹೇಳುತ್ತೇನೆ: ಎಲ್ಲಿ ಬೇಕಾದರೂ ಚೌಕಾಶಿ ಮಾಡಿ, ಮಾತ್ರೆಯ ಜೊತೆ ಮಾಡಬೇಡಿ. ಪೂರ್ತಿ ತೆಗೆದುಕೊಂಡ ಮೇಲೆ ನಿಧಾನಕ್ಕೆ ರೊಟ್ಟಿಗೆ ರುಚಿ ಬಂತು. ರುಚಿಯ ಜೊತೆ ಭಯವೂ ಬಂತು.

ಎತ್ತು ಕೊಳ್ಳುವಾಗ ನಾವು ತಾಯಿ ಯಾವುದು, ಹೋರಿ ಯಾವುದು ಕೇಳುತ್ತೇವೆ. ಮೈಮೇಲೆ ಕೂದಲಿನ ಸುಳಿ ಹುಡುಕುತ್ತೇವೆ. ಕೆಟ್ಟ ಜಾಗದಲ್ಲಿ ಸುಳಿಯಿದ್ದರೆ ಎಷ್ಟೇ ಚೆಂದದ ಎತ್ತಾದರೂ ಬಿಟ್ಟು ಮುಂದೆ ಹೋಗುತ್ತೇವೆ. ಮಗಳನ್ನು ಬಿಟ್ಟು ಎಲ್ಲಿಗೆ ಹೋಗಲಿ? ಅವಳು ಎಷ್ಟು ಉಂಡಳು ನೋಡಿದೆ. ಏಳುವುದು ತಡವಾದರೆ ಬಾಗಿಲಿಗೆ ಹೋಗಿ ಇಣುಕಿದೆ. ಸುಮ್ಮನೆ ಕಿಟಕಿಯಾಚೆ ನೋಡಿದರೆ ನನ್ನಪ್ಪನೇ ಕೂತಂತೆ ಕಂಡಿತು. ಅವಳು ನಕ್ಕರೂ, ಖರೇ ನಗುವೋ ಸುಳ್ಳೋ ಎಂದು ತೂಗಿದೆ.

ಒಂದು ಮಧ್ಯಾಹ್ನ ತಾಟು ಸರಿಸಿ ಎದುರು ನಿಂತಳು. "ಅಪ್ಪಾ, ಹಲ್ಲು ತೋರಸ್ಲೇನು? ಸಂತ್ಯಾಗ ಎತ್ತು ನೋಡ್ದಂಗ ನೋಡಾಕತ್ತೀ. ಯಾರಿಗಿ ಮಾರಾಂವ ಇದ್ದೀ ನನ್ನ?"



ಮುಂದಿನ ಸಲ ಮಗಳ ಆ ಮಾತು ಹೇಳಿ ಡಾಕ್ಟರಮ್ಮನನ್ನೇ ಹಿಡಿದೆ. "ಮಗಳ ರಕ್ತ ತಗೋರಿ. ಬರ್ತದೋ ಇಲ್ಲೋ, ಒಂದೇ ಮಾತು ಹೇಳಿಬಿಡ್ರಿ."

"ಅಂಥ ಟೆಸ್ಟ್ ಇಲ್ರಿ."

"ದೊಡ್ಡ ಊರಾಗ?"

"ಎಲ್ಲೂ ಇಲ್ರಿ. ಇದಕ್ಕ ಒಂದೇ ಜೀನ್ ಅಂತಿಲ್ಲ. ಭಾಳ ಅವ, ಒಂದೊಂದೂ ಚೂರು ಚೂರು ಫರಕು ಮಾಡ್ತಾವ. ಕೆಲವರ ಮಿದುಳು ಭಯಕ್ಕ, ದುಃಖಕ್ಕ ಜೋರಾಗಿ ಕೂಗ್ತದ, ಕೆಲವರದು ಮೆಲ್ಲಗ. ಜೋರಾಗಿ ಕೂಗೂದೇ ರೋಗ ಅಲ್ಲ. ನಿಮ್ಮ ಮಗಳಿಗಿ ರಿಸ್ಕ್ ಬ್ಯಾರೆಯವರಿಗಿಂತ ಒಂಚೂರು ಜಾಸ್ತಿ ಇರಬಹುದು. ಬರದೇನೂ ಇರಬಹುದು."

"ಗ್ಯಾರಂಟಿ ಕೊಡ್ರಿ ಮತ್ತ."

"ಕೊಡಂಗಿಲ್ಲ," ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿದರು. "ಜೀನ್ ಬದಲ್ ಮಾಡಾಕ ನಿಮ್ಮ ಕೈಲಾಗಲ್ಲ. ಮನ್ಯಾಗಿನ ರೀತಿ ಬದಲ್ ಮಾಡಬಹುದು. ಹಗಲೆಲ್ಲ ಕಾವಲಿದ್ರ ಆಕಿ ನಿಮ್ಮ ಮುಂದ ಬೇಜಾರನೂ ಮುಚ್ಚಿಡ್ತಾಳ. ಅದು ಆಗಬಾರದು."

ಬಸ್ಸಿನಲ್ಲಿ ಆ ಮಾತೇ ತಲೆಯಲ್ಲಿ ತಿರುಗಿತು. ಅಪ್ಪ ಮುಚ್ಚಿಟ್ಟಿದ್ದ. ಅಕ್ಕ ಮುಚ್ಚಿಟ್ಟಿದ್ದಳು. ಸಂತೆಯಲ್ಲಿ ಅತ್ತುಬಿಡುವ ತನಕ ನಾನೂ ಮುಚ್ಚಿಟ್ಟಿದ್ದೆ. ರಕ್ತದಲ್ಲಿ ಏನು ಬಂದಿತ್ತೋ ಡಾಕ್ಟರಿಗೂ ಗೊತ್ತಿಲ್ಲ. ಈ ಮುಚ್ಚಿಡುವುದನ್ನು ಮಾತ್ರ ನಾವು ಮನೆಯಲ್ಲಿ ನೋಡಿ ಕಲಿತಿದ್ದೆವು.

ಭಾಗ್ಯಳನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಅಜ್ಜನದು, ಅತ್ತೆಯದು, ನನ್ನದು. ರೋಗದ ಹೆಸರು, ಮಾತ್ರೆಯ ಹೆಸರು.  ಅವಳು ಕೇಳಿ, "ಇಷ್ಟೇನಾ? ನೀ ನನ್ನ ಮದಿವಿ ಮಾಡಾಕ ಹೊಂಟಿ ಅಂದ್ಕೊಂಡಿದ್ದೆ," ಅಂದಳು.

ನಕ್ಕೆವು. ನೋಡುವುದನ್ನು ಬಿಡಲು ಕಲಿತೆ. ಕಷ್ಟವಾಯಿತು, ಕಣ್ಣು ತಾನೇ ಹೋಗುತ್ತಿತ್ತು.

ಪರೀಕ್ಷೆ ಹತ್ತಿರ ಬಂದಾಗ ಒಂದು ಬೆಳಿಗ್ಗೆ ಅವಳೇ ಬಂದಳು. ತಲೆ ಬಾಚಿರಲಿಲ್ಲ.

"ಅಪ್ಪಾ, ಯಾಕೋ ಏನೂ ಬ್ಯಾಡ ಅನಸಾಕತ್ತದ. ಪರೀಕ್ಷಾ ಅಂಜಿಕಿನೋ, ನಿಂದೇ ಬಂದದೋ ಗೊತ್ತಾಗವಲ್ದು. ಡಾಕ್ಟರ್ ಕಡಿ ಹೋಗಮು?"

 ಇಷ್ಟು ದಿನ ಹೆದರಿದ್ದು ಈ ಮಾತಿಗೇ. ಆದರೆ ನಮ್ಮ ಮನೆತನದಲ್ಲಿ ಈ ಮಾತನ್ನು ಮುಚ್ಚಿಡದೆ ತಾನಾಗಿ ಬಾಯಿಬಿಟ್ಟು ಆಡಿದವಳು ಅವಳೇ ಮೊದಲು. "ಚಪ್ಪಲಿ ಹಾಕ್ಕೋ," ಅಂದೆ. ಅಷ್ಟೇ ಅಂದೆ.

ಡಾಕ್ಟರಮ್ಮ ಅವಳನ್ನು ಒಬ್ಬಳನ್ನೇ ಒಳಗೆ ಕರೆದರು. ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಬಂದಳು.

"ಏನಂದ್ರು?"

"ಈಗೇ ಏನೂ ಹೇಳಾಕ ಬರಲ್ಲಂತ. ನಿದ್ದಿ, ಊಟ ನೋಡ್ಕೋ, ಮತ್ತ ಬಾ ಅಂದ್ರು. ಉಳಿದದ್ದು ನಿನಗ ಹೇಳಂಗಿಲ್ಲ."

"ಬ್ಯಾಡ ಬಿಡವ್ವಾ."

ಊರಿಗೆ ಮರಳುವ ಬಸ್ಸು ಭೀಮಾ ಸೇತುವೆ ದಾಟುವಷ್ಟರಲ್ಲಿ ನನ್ನ ಹೆಗಲಿಗೆ ತಲೆಯಿಟ್ಟು ಮಲಗಿದ್ದಳು. ದಣಿದ ನಿದ್ದೆಯೋ, ಅಪ್ಪ ಮಲಗುತ್ತಿದ್ದಂಥ ನಿದ್ದೆಯೋ, ನನಗೆ ಗೊತ್ತಿಲ್ಲ. ಬಗ್ಗಿ ಮುಖ ನೋಡಬೇಕೆನಿಸಿತು. ನೋಡಲಿಲ್ಲ. ಅವಳಿಗೆ ಎಚ್ಚರವಾಗದಂತೆ ಹೆಗಲನ್ನು ಅಲ್ಲಾಡಿಸದೆ, ಶಹಾಪುರದ ತನಕ ಹೊರಗಿನ ಗದ್ದೆಗಳನ್ನೇ ನೋಡುತ್ತ ಕೂತೆ.