ನನ್ನ ಆಟಕ್ಕೆ ಕಾಶಿಬಾಯಿ ಸೇರಿಸಿದ ನಿಯಮ

ಸತತ ಎರಡನೇ ವರ್ಷವೂ ಮಳೆ ಕೈಕೊಟ್ಟು, ಔರಾದ್ ಕಡೆಯ ಹಳ್ಳಿಗಳಿಂದ ಜನ ಗಂಟುಮೂಟೆ ಕಟ್ಟಿಕೊಂಡು ಹೈದರಾಬಾದಿನ ಬಸ್ಸು ಹತ್ತುತ್ತಿದ್ದ ಬೇಸಿಗೆ ಅದು. ನಾನು ಭಾಲ್ಕಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ರಜೆಯಲ್ಲಿ ಬೀದರಿನ ಮೈಲೂರಿನ ನಮ್ಮ ಮನೆಯಲ್ಲಿ ಕುಳಿತು ಮೊಬೈಲಿಗೊಂದು ಆಟ ತಯಾರಿಸುತ್ತಿದ್ದೆ. ಆಕಾಶನೌಕೆಯಲ್ಲಿ ಸರಕು ತುಂಬಿಕೊಂಡು ಗ್ರಹದಿಂದ ಗ್ರಹಕ್ಕೆ ವ್ಯಾಪಾರ ಮಾಡುವ ಆಟ. ವ್ಯಾಪಾರಕ್ಕೆ ಪರವಾನಗಿ ಬೇಕು. ನೆಟ್ಟಗೆ ನಡೆದುಕೊಂಡರೆ ಹೆಸರು ಏರುತ್ತದೆ. ನಿಷೇಧಿತ ಸರಕಿನೊಂದಿಗೆ ಸಿಕ್ಕಿಬಿದ್ದರೆ ಪರವಾನಗಿ ರದ್ದು, ಹೆಸರು ಸೊನ್ನೆ, ಯಾವ ಗ್ರಹದಲ್ಲೂ ಯಾರೂ ಸರಕು ಕೊಡುವುದಿಲ್ಲ. ಅಲ್ಲಿಗೆ ಆಟ ಮುಗಿಯಿತು. ಎಂಥ ಖಡಕ್ ಶಿಕ್ಷೆ ಬರೆದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಆಡಿ ನೋಡಲು ಯಾರಾದರೂ ಬೇಕಿತ್ತು. ಮನೆಯಲ್ಲಿ ಖಾಲಿ ಕುಳಿತಿದ್ದವರು ಶರಣಪ್ಪ ಕಾಕಾ, ನಮ್ಮಪ್ಪನ ತಮ್ಮ. ಬೀದರಿನ ಧಾನ್ಯಪೇಟೆ ಗಾಂಧಿ ಗಂಜಿನಿಂದ ಬೇಳೆಕಾಳು ಸಾಗಿಸುವ ಟೆಂಪೊ ಅವರದು. ಅನ್ಯಗ್ರಹದ ವ್ಯಾಪಾರಿಗಳನ್ನೂ ಗಂಜಿನವರಂತೆ ಬೈಯುತ್ತ ಹುಮ್ಮಸ್ಸಿನಿಂದ ಆಡಿದರು. ನೀರಿಲ್ಲದ ಒಂದು ಗ್ರಹಕ್ಕೆ ನಿಷೇಧವಿದ್ದ ನೀರನ್ನು ಕದ್ದುಮುಚ್ಚಿ ಒಯ್ಯಲು ಹೋಗಿ ಸಿಕ್ಕಿಬಿದ್ದರು.

"ಈಗ ತಿರುಗಿ ಹ್ಯಾಂಗ ಶುರು ಮಾಡೂದವ್ವಾ?"

"ಬರಂಗಿಲ್ಲ ಕಾಕಾ. ಒಮ್ಮೆ ಹೆಸರು ಹೋತಂದ್ರ ಹೋತು."

"ಬರೋಬ್ಬರಿ ಅದ. ಗಂಜಿನ್ಯಾಗೂ ಹಂಗೇ ಅದ," ಎಂದು ಕಾಕಾ ಮೊಬೈಲನ್ನು ಮೆಲ್ಲಗೆ ಕೆಳಗಿಟ್ಟರು.

ನನ್ನ ಬಾಯಿಗೆ ಬೆಂಕಿ ಬೀಳಲಿ ಅನ್ನಿಸಿತು. ಆ ವರ್ಷ ಮೇವನ್ನು ರಾಜ್ಯದ ಗಡಿ ದಾಟಿಸುವುದಕ್ಕೆ ನಿಷೇಧವಿತ್ತು. ಗಡಿಯಾಚೆ ಉದಗೀರ ಕಡೆ ಇರುವ ತಮ್ಮ ಅಕ್ಕನ ಎಮ್ಮೆಗಳು ಸಾಯುತ್ತವೆಂದು ಕಾಕಾ ಬೇಳೆ ಚೀಲಗಳ ಅಡಿಯಲ್ಲಿ ಜೋಳದ ಕಣಕಿ ಅಡಗಿಸಿಕೊಂಡು ಹೋಗಿ, ಔರಾದ್ ಗಡಿಯ ತಪಾಸಣೆ ನಾಕಾದಲ್ಲಿ ಸಿಕ್ಕಿಬಿದ್ದಿದ್ದರು. ದಂಡ ಕಟ್ಟಿ ಟೆಂಪೊ ಬಿಡಿಸಿಕೊಂಡು ಬಂದರೂ ಗಂಜಿನಲ್ಲಿ ಯಾರೂ ಅವರನ್ನು ಕರೆಯಲಿಲ್ಲ. ಬರುವ ಸೋಮವಾರ ಟೆಂಪೊ ಮಾರಿ, ಹೈದರಾಬಾದಿಗೆ ಹೋಗಿ ವಾಚ್‌ಮನ್ ಕೆಲಸಕ್ಕೆ ನಿಲ್ಲುವುದೆಂದು ನಿಶ್ಚಯಿಸಿದ್ದರು. ಇದೆಲ್ಲ ಗೊತ್ತಿದ್ದೂ ನಾನು ಅವರ ಕೈಗೇ ಆ ಆಟ ಕೊಟ್ಟಿದ್ದೆ.

ಮರುದಿನ ಬೆಳಿಗ್ಗೆ ಯಾರಿಗೂ ಹೇಳದೆ ಗಂಜಿಗೆ ಹೋದೆ. ಕಾಕಾ ಯಾರ ಬೇಳೆ ಚೀಲಗಳನ್ನು ಒಯ್ಯುತ್ತಿದ್ದರೋ ಆ ಸಾವಕಾರರ ಮುಂದೆ ನಿಂತು, ಇನ್ನೊಂದು ಸಲ ಅವರನ್ನು ಕರೆಯಿರಿ ಎಂದು ಕೇಳಿಕೊಂಡೆ.

"ನನ್ನ ಮಾಲು ನಾಕು ದಿನ ನಾಕಾದಾಗ ನಿಂತಿತ್ತವ್ವಾ. ಹೆಸರು ಕೆಟ್ಟಾಂವಗ ಮಾಲು ಕೊಡಬೇಕಂದ್ರ ಗಂಜಿನವರೇ ಒಬ್ಬರು ಜಿಮ್ಮಾ ತಗೋಬೇಕು. ಅಂವ ಮತ್ತ ತಪ್ಪಿದ್ರ ಅವರಿಗೂ ಗಂಜು ಬಂದ್. ಇದು ಹಿರ್ಯಾರ ಕಾಲದ ರಿವಾಜು."

"ನಾ ತಗೋತೀನ್ರಿ."

"ನೀ ಗಂಜಿನಾಕಿ ಅಲ್ಲಲಾ," ಎಂದು ಸಾವಕಾರರು ನಕ್ಕರು.

ನಾನು ಹೊರಡಲು ತಿರುಗಿದೆ. ಆಗ ಪಕ್ಕದಲ್ಲಿ ಕಾಳು ಹಸನು ಮಾಡುತ್ತಿದ್ದ ಅಜ್ಜಿಯೊಬ್ಬರು ಮೊರ ಕೆಳಗಿಟ್ಟು ಎದ್ದು ನಿಂತರು. ನಾನು ಅವರನ್ನು ಹಿಂದೆಂದೂ ನೋಡಿರಲಿಲ್ಲ.

"ಶರಣಪ್ಪಂದು ಜಿಮ್ಮಾ ನಂದ್ರಿ ಸಾವಕಾರ್ರಾ. ನಮ್ಮೂರು ಹಲಬರ್ಗಾದ ಬಸ್ ತಪ್ಪಿದಾಗೆಲ್ಲ ಅಂವನೇ ನನಗ ಮನಿ ಮುಟ್ಟಿಸ್ಯಾನ."

"ಕಾಶಿಬಾಯಿ, ಅಂವ ತಪ್ಪಿದ್ರ ನಿನ್ನ ಕೂಲಿನೂ ಹೋಗ್ತದ. ಈ ಬರದಾಗ ಬ್ಯಾರೆ ಕೆಲಸ ಎಲ್ಲದ?"

"ಗೊತ್ತದ್ರಿ," ಎಂದವರೇ ಮತ್ತೆ ಮೊರ ಹಿಡಿದು ಕುಳಿತುಬಿಟ್ಟರು. ನನ್ನ ಮುಖ ಕೂಡ ನೋಡಲಿಲ್ಲ.

ಸಾವಕಾರರು ಅಂದೇ ಭಾಲ್ಕಿಗೆ ಹೋಗುವ ಮಾಲು ಕೊಟ್ಟರು. ಯಾರು ಬೇಕಾದರೂ ನೋಡಲಿ ಎಂದು ಕಾಕಾ ತಾಡಪತ್ರಿ ಕೂಡ ಹೊದಿಸದೆ ಒಯ್ದರು. ಸೋಮವಾರ ಬಂತು, ಹೋಯಿತು. ಟೆಂಪೊ ಇವತ್ತಿಗೂ ನಮ್ಮ ಮನೆ ಮುಂದೆಯೇ ನಿಲ್ಲುತ್ತದೆ.

ನಾನು ಆಟದ ನಿಯಮ ಬದಲಿಸಿದೆ. ಹೆಸರು ಕಳೆದುಕೊಂಡವರಿಗಾಗಿ ಇನ್ನೊಬ್ಬ ವ್ಯಾಪಾರಿ ಜಿಮ್ಮಾ ತೆಗೆದುಕೊಳ್ಳಬಹುದು. ಆಗ ಅವರ ಪರದೆಯ ಮೇಲೆ ಎಚ್ಚರಿಕೆ ಬರುತ್ತದೆ: 'ಇವರು ತಪ್ಪಿದರೆ ನಿಮ್ಮ ಪರವಾನಗಿಯೂ ಹೋಗುತ್ತದೆ. ಒಪ್ಪಿಗೆಯೇ?' ನಾನೇ ಬರೆದ ಸಾಲು, ಬರೀ ಆಟ. ಆದರೂ ಅಲ್ಲಿಗೆ ಬಂದಾಗಲೆಲ್ಲ ನನ್ನ ಬೆರಳು ಒಂದು ಕ್ಷಣ ತಡೆಯುತ್ತದೆ. ಆಮೇಲೆ ಕಾಶಿಬಾಯಿ ನೆನಪಾಗುತ್ತಾರೆ. ನಾಚಿಕೆಯಾಗಿ, 'ಹೌದು' ಒತ್ತಿಬಿಡುತ್ತೇನೆ.