ಚಾಂಪಿಯನ್ ರೀಫ್ಸಿನ ದುಮ್ಮು

ಈ ಊರಿಗೆ ಬಂದ ಮೂರನೆಯ ದಿನ ನನ್ನ ಅನ್ನದ ತಟ್ಟೆಗೆ ಗುಡ್ಡ ಬಂದು ಬಿತ್ತು. ಗಣಿ ನಡೆಯುತ್ತಿದ್ದ ಕಾಲದಲ್ಲಿ ಚಿನ್ನ ತೆಗೆದು ಮಿಕ್ಕ ಕಲ್ಲಿನ ಪುಡಿಯನ್ನು ಇಲ್ಲಿ ಗುಡ್ಡ ಗುಡ್ಡವಾಗಿ ಸುರಿದಿದ್ದಾರೆ. ಸೈನೈಡ್ ದಿಬ್ಬ ಎನ್ನುತ್ತಾರೆ. ಗಾಳಿ ಎದ್ದರೆ ಆ ಹಿಟ್ಟಿನಂಥ ಪುಡಿ ಹಾರಿ ಬಂದು ಅನ್ನ, ಹಾಸಿಗೆ, ಕಣ್ಣಿನ ರೆಪ್ಪೆ ಯಾವುದನ್ನೂ ಬಿಡದೆ ಕೂರುತ್ತದೆ. ಇಲ್ಲಿನವರು ಅದಕ್ಕೆ ದುಮ್ಮು ಅನ್ನುತ್ತಾರೆ, ತೆಲುಗಿನಿಂದ ಬಂದ ಮಾತು. ಗುಳೇದಗುಡ್ಡದವಳಾದ ನನಗೆ ಧೂಳು ಹೊಸದಲ್ಲ. ಆದರೆ ನಮ್ಮ ಧೂಳು ಹೊಲದ್ದು, ಕೊಡವಿದರೆ ಹೋಗುತ್ತದೆ.

ಗಂಡನಿಗೆ ಬಂಗಾರಪೇಟೆಯ ರೈಲ್ವೆಗೆ ವರ್ಗವಾಗಿತ್ತು. ಬಾಡಿಗೆ ಮನೆ ಸಿಕ್ಕಿದ್ದು ಇಲ್ಲಿ, ಹಳೆಯ ಗಣಿ ಕಾರ್ಮಿಕರ ಮನೆಗಳ ಸಾಲಿನಲ್ಲಿ. ಇವರು ಅದನ್ನು ಲೈನು ಎನ್ನುತ್ತಾರೆ. ನಮ್ಮೂರಲ್ಲಿ ಎರಡು ಮನೆಗಳ ನಡುವೆ ಮೊಳ ದಪ್ಪದ ಕಲ್ಲಿನ ಗೋಡೆ. ಇಲ್ಲಿ ಪಕ್ಕದ ಮನೆಯ ಕುಕ್ಕರ್ ಕೂಗಿದ್ದಕ್ಕೆ ನಾನು ಎದ್ದು ನಮ್ಮ ಒಲೆ ಆರಿಸಲು ಹೋಗಿದ್ದುಂಟು. ನಲ್ಲಿಯ ಬಳಿ ಜಗಳ ತಮಿಳಿನಲ್ಲಿ ಶುರುವಾಗಿ, ತೆಲುಗಿನಲ್ಲಿ ಜೋರಾಗಿ, ಕನ್ನಡದಲ್ಲಿ ಮುಗಿಯುತ್ತದೆ. ನಾನು ‘ಹೌದ್ರಿ’ ಎಂದರೆ ಮಾತ್ರ ಮೂರು ಭಾಷೆಯವರೂ ಸೇರಿ ನಗುತ್ತಿದ್ದರು.

ನನಗೆ ಎಲ್ಲಕ್ಕಿಂತ ಸಿಟ್ಟು ತರಿಸುತ್ತಿದ್ದದ್ದು ಬೀಗದ ಕೈ. ಈ ಲೈನಿನಲ್ಲಿ ಹೊರಗೆ ಹೋಗುವವರು ಅದನ್ನು ಪಕ್ಕದ ಮನೆಗೆ ಕೊಟ್ಟೇ ಹೋಗಬೇಕು. ಗಾಳಿ ಎದ್ದರೆ ಇದ್ದವರು ಇಲ್ಲದವರ ಮನೆಗೆ ಹೋಗಿ ಕಿಟಕಿ ಹಾಕಿ, ನೀರು, ಅನ್ನ ಮುಚ್ಚಿ ಬರುತ್ತಾರೆ. ನಮ್ಮದು ಇರುತ್ತಿದ್ದದ್ದು ಪಕ್ಕದ ಮನೆಯ ಮುನಿಯಮ್ಮನ ಸೆರಗಿನ ಗಂಟಿನಲ್ಲಿ. ಬೂದಿಕೋಟೆ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದಾಕೆ; ಗಣಿ ಮುಚ್ಚಿ, ಗಣಿ ಕೆಲಸದ ಗಂಡನೂ ತೀರಿಕೊಂಡ ಮೇಲೆ ಇಲ್ಲೇ ಉಳಿದಳು. ನಮ್ಮ ಕಡೆ ಬೀಗ ಹಾಕಿದ ಮನೆಗೆ ಹೊರಗಿನವರು ಕಾಲಿಟ್ಟರೆ ಅದಕ್ಕೆ ಬೇರೆಯದೇ ಹೆಸರಿದೆ. ಆದರೂ ಹಲ್ಲು ಕಚ್ಚಿಕೊಂಡು ಕೊಡುತ್ತಿದ್ದೆ.

ಊರಲ್ಲಿ ನಾನು ಕನ್ನಡ ಟೀಚರ್. ಇಲ್ಲಿಗೆ ಬಂದು ಒಂಬತ್ತು ತಿಂಗಳು ಕೆಲಸವಿಲ್ಲದೆ ಕೂತೆ. ಕೊನೆಗೆ ಹೊರದೇಶದಲ್ಲಿರುವ ಕನ್ನಡದ ಮಕ್ಕಳಿಗೆ ಲ್ಯಾಪ್‌ಟಾಪಿನಲ್ಲಿ ಪಾಠ ಹೇಳುವ ಕೆಲಸವೊಂದು ಕಣ್ಣಿಗೆ ಬಿತ್ತು. ಅವರು ಹೇಳಿದ ದಿನ ಮಧ್ಯಾಹ್ನ ಮೂರಕ್ಕೆ ಒಂದು ಪಾಠ ಮಾಡಿ ತೋರಿಸಬೇಕಿತ್ತು. ಇದೂ ತಪ್ಪಿದರೆ ಜೂನಿಗೆ ನಾನು ಊರ ಶಾಲೆಗೇ ಹೋಗುತ್ತೇನೆ, ನೀವು ಇಲ್ಲಿರಿ ಎಂದು ಗಂಡನಿಗೆ ಹೇಳಿಬಿಟ್ಟಿದ್ದೆ. ಅವರು ಡಬ್ಬಿ ತೆಗೆದುಕೊಂಡು ರೈಲಿಗೆ ಹೋದರು.

ಅಂದು ಬೆಳಿಗ್ಗೆ ಮುನಿಯಮ್ಮನಿಗೆ ಬೀಗದ ಕೈ ಕೊಟ್ಟು ಜೋಳದ ಹಿಟ್ಟಿಗಾಗಿ ಬಂಗಾರಪೇಟೆಗೆ ಹೋಗಿ ಬಂದೆ. ರಾಗಿ ಹಿಟ್ಟು ಇಲ್ಲಿ ಕೇಳಿದ ಅಂಗಡಿಯಲ್ಲೆಲ್ಲ ಸಿಗುತ್ತದೆ, ಜೋಳದ್ದನ್ನು ಹುಡುಕಿಕೊಂಡು ಹೋಗಬೇಕು. ಎರಡೂವರೆಗೆ ಲ್ಯಾಪ್‌ಟಾಪ್ ತೆರೆದರೆ ನೆಟ್ ಇಲ್ಲ. ವೈಫೈ ಪಟ್ಟಿಯಲ್ಲಿ ನಮ್ಮ ಹೆಸರಿದೆ, ಎದುರಿಗೆ ಒಂದೇ ಗೀಟು. ಒತ್ತಿದರೆ ಸುತ್ತಿ ಸುತ್ತಿ, ಆಗುವುದಿಲ್ಲ ಎನ್ನುತ್ತದೆ. ಆರಿಸಿ ಹಚ್ಚಿದೆ. ಪಾಸ್‌ವರ್ಡ್ ಅಳಿಸಿ ಮತ್ತೆ ಹೊಡೆದೆ. ಏರೋಪ್ಲೇನ್ ಗುರುತಿನ ಬಟನ್ ಒತ್ತಿಹೋಗಿದೆಯೋ ನೋಡಿದೆ. ಮೊಬೈಲಿನ ನೆಟ್ ಕೊಡೋಣವೆಂದರೆ ಈ ತಗಡಿನ ಸೂರಿನಡಿ ಅದಕ್ಕೆ ಸಿಗ್ನಲ್ಲೇ ಬರುವುದಿಲ್ಲ. ನಲ್ಲಿಯ ಕಟ್ಟೆಗೆ ಹೋಗಬೇಕು, ಅಲ್ಲಿ ದುಮ್ಮು. ಸೆರಗನ್ನು ಮೂಗಿಗೆ ಕಟ್ಟಿಕೊಂಡು ಅಲ್ಲೇ ನಿಂತು ನೆಟ್ ಕೊಟ್ಟವರಿಗೆ ಫೋನ್ ಮಾಡಿದೆ.

“ಮೇಡಂ, ವೈಫೈ ಬಾಕ್ಸಲ್ಲಿ ಯಾವ ಯಾವ ಲೈಟ್ ಉರೀತಾ ಇದೆ?” ಎಂದು ಕೇಳಿದರು.

ಅದು ಬೀರುವಿನ ತಲೆಯ ಮೇಲಿತ್ತು. ಓಡಿಬಂದು ಸ್ಟೂಲು ಹತ್ತಿದೆ. ಅಲ್ಲಿ ಬಾಕ್ಸ್ ಕಾಣಲಿಲ್ಲ, ದೊಡ್ಡದೊಂದು ಅಲ್ಯೂಮಿನಿಯಂ ಬೋಸಿ ಬೋರಲು ಕೂತಿತ್ತು. ನಾವು ಬೋಗುಣಿ ಎನ್ನುವ ಅದೇ ಪಾತ್ರೆ. ಅಂಚಿನಡಿಯಿಂದ ಎರಡು ವೈರು ಹೊರಬಂದಿದ್ದವು. ಎತ್ತಿದರೆ ಒಳಗೆ ದೀಪಗಳೆಲ್ಲ ಹಸಿರಾಗಿ ಉರಿಯುತ್ತಿದ್ದವು. ಲೋಹದ ಪಾತ್ರೆ ದಾಟಿ ಸಿಗ್ನಲ್ ಹೊರಗೆ ಬರಬೇಕಲ್ಲ. ಕೆಳಗೆ ಲ್ಯಾಪ್‌ಟಾಪಿನಲ್ಲಿ ಗೀಟುಗಳು ತುಂಬಿಕೊಂಡವು.

ಮೂರಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಪಾಠಕ್ಕೆ ಕೂರುವುದು ಬಿಟ್ಟು, ಬೋಸಿ ಹಿಡಿದುಕೊಂಡು ಮುನಿಯಮ್ಮನ ಬಾಗಿಲಿಗೆ ಹೋದೆ. ನನ್ನ ಬುದ್ಧಿಯೇ ಅಂಥದ್ದು.

“ಯಾರು ಮುಚ್ಚಂದಿದ್ರು ನಿಮಗ? ನನ್ನ ಕೆಲಸಾನೇ ಹೋಗ್ತಿತ್ತಲ್ರಿ.”

ಆಕೆ ಬೋಸಿಯನ್ನೂ ನನ್ನನ್ನೂ ನೋಡಿದಳು. “ಬೆಳಗ್ಗೆ ದುಮ್ಮು ಎದ್ದಿತ್ತಮ್ಮಣ್ಣಿ. ಒಳಕ್ಕೆ ದುಮ್ಮು ಓಗಿ ನಮ್ಮ ಟಿವಿ ಅಂಗೇ ಆಳಾಗೋಯ್ತು. ಇವತ್ತು ಪಾಠ ಏಳ್ಬೇಕು ಅಂದಿದ್ಯಲ್ಲ, ಅದುಕ್ಕೇ ಮುಚ್ದೆ. ಬಟ್ಟೆ ಆಕಿದ್ರೆ ಗಾಳಿಗೆ ಆರೋಯ್ತದೆ ಅಂತ ಬೋಸಿ ತಂದೆ.”

ಆಕೆ ಬೋಸಿಗೆ ಕೈ ಚಾಚಿದಳು. “ಕೊಡಿತ್ಲಾಗೆ, ಎಸ್ರು ಇಡ್ತೀನಿ. ನೀನು ಓಗು, ಒತ್ತಾಯ್ತು.”

ತನ್ನ ಮನೆಯಲ್ಲಿದ್ದ ಒಂದೇ ದೊಡ್ಡ ಪಾತ್ರೆಯನ್ನು ನನ್ನ ಬೀರುವಿನ ಮೇಲಿಟ್ಟು, ಆಕೆ ಆ ಹೊತ್ತಿನವರೆಗೂ ಮುದ್ದೆಗೆ ಎಸರಿಟ್ಟಿರಲಿಲ್ಲ. ನನಗೆ ಭೂಮಿಗೆ ಇಳಿದುಹೋದಂತಾಯಿತು.

ಪಾಠ ಮಾಡಿದೆ. ನಡುವೆ ಎರಡು ಸಲ ಕಣ್ಣೊರೆಸಿಕೊಂಡೆ. ಧೂಳು ಎಂದು ಹೇಳಿದೆ, ಪಾಠ ನೋಡುತ್ತಿದ್ದವರು ನಂಬಿದರು. ಕೆಲಸ ಸಿಕ್ಕಿತು. ಅವ್ವ ಕೊಟ್ಟಿದ್ದ ಖಣದ ತುಂಡೊಂದು ಪೆಟ್ಟಿಗೆಯಲ್ಲಿತ್ತು; ನಮ್ಮೂರಿನ ಕುಪ್ಪಸದ ಬಟ್ಟೆ. ಅದನ್ನು ಹೊಲಿದು ವೈಫೈ ಬಾಕ್ಸಿಗೆ ಮುಸುಕು ಮಾಡಿದೆ. ಗಾಳಿಗೆ ಹಾರದಂತೆ ಎರಡು ಕಡೆ ಲಾಡಿ ಇಟ್ಟದ್ದು ಮುನಿಯಮ್ಮ. ಅಂದು ನಾನು ಮಾಡಿದ ಜೋಳದ ರೊಟ್ಟಿ ತಿಂದು, “ಪರವಾಗಿಲ್ಲ, ಅಗೀಬೋದು” ಅಂದಳು.

ಬೇಸಿಗೆಯಲ್ಲಿ ಗುಳೇದಗುಡ್ಡಕ್ಕೆ ಹೋಗಿದ್ದೆ. ಒಂದು ಮಧ್ಯಾಹ್ನ ಗಾಳಿ ಎದ್ದಿತು. ನನಗೇ ತಿಳಿಯದಂತೆ ಎದ್ದು ಕಿಟಕಿ ಹಾಕಿದೆ, ಕೊಡ ಮುಚ್ಚಿದೆ, ಅವ್ವನ ಮೊಬೈಲಿನ ಮೇಲೂ ಬಟ್ಟೆ ಹಾಕಿದೆ. ಪಕ್ಕದ ಮನೆಗೆ ಬೀಗ ಬಿದ್ದಿತ್ತು. ಅವರ ಕಿಟಕಿಯ ಬಾಗಿಲು ಬಡಿದುಕೊಳ್ಳುತ್ತಿತ್ತು.

“ಅವ್ವಾ, ಅವರ ಮನಿ ಚಾವಿ ಎಲ್ಲೈತಿ?” ಎಂದೆ.

ಅವ್ವ ನನ್ನ ಮುಖವನ್ನೇ ನೋಡಿದಳು. “ಅವರ ಮನಿ ಚಾವಿ ನಮ್ಮ ಕಡೆ ಯಾಕಿರ್ತೈತಿ?”

ಅವಳು ಕೇಳಿದ್ದು ಸರಿಯೇ. ಹಿಂದಿನ ವರ್ಷ ನಾನೂ ಹಾಗೇ ಕೇಳುತ್ತಿದ್ದೆ. ಅವರು ಬರುವವರೆಗೂ ಆ ಕಿಟಕಿ ಬಡಿದುಕೊಳ್ಳುತ್ತಲೇ ಇತ್ತು, ಹುಟ್ಟಿದ ಮನೆಯಲ್ಲಿ ನನಗೆ ಕೂತಲ್ಲಿ ಕೂರಲಾಗಲಿಲ್ಲ.